ಟಿಕ್ ಇಲ್ಲದ ಫೋಲ್ಡರ್

"ನೂರ ಮೂವತ್ತೆರಡು ಮೇಲ್! ಒಂದಕ್ಕಾದ್ರೂ ಉತ್ತರ ಕೊಡಬೇಕು ಅನ್ನಿಸಲಿಲ್ವಾ ನಿಂಗೆ?"

ಅವಳ ಕೈಯಲ್ಲಿದ್ದ ಕುಂಚ ಅಲ್ಲೇ ನಿಂತಿತು!

ಮಕ್ಕಳ ವಿಜ್ಞಾನ ಪತ್ರಿಕೆಗೆ ಅವಳು ಚಿತ್ರ ಬರೆಯುವ ಕೋಣೆಯ ಬಾಗಿಲಲ್ಲಿ ಅವನು ನಿಂತಿದ್ದ. ಬೆಟ್ಟದ ತುದಿಯ ಹವಾಮಾನ ಕೇಂದ್ರದಲ್ಲಿ ಹಿಮ ಅಳೆಯುವವನು. ಅವಳ ಬಾಯಲ್ಲಿ 'ಹಿಮಕರಡಿ'. ಒಂದು ಮಾತೂ ಕೇಳದೆ ಚಳಿಗಾಲವಿಡೀ ಅಲ್ಲಿರಲು ಒಪ್ಪಿಕೊಂಡ ಅಂತ ಜಗಳವಾಡಿ ಕಳಿಸಿದ್ದಳು. ಅಲ್ಲಿಗೆ ಫೋನ್ ಸಿಗದು, ಮೇಲ್ ಒಂದೇ ದಾರಿ. ಆಮೇಲೆ ಇವತ್ತೇ ಮುಖ ಕಂಡದ್ದು.

"ಸುಳ್ಳು ಹೇಳಬೇಡ! ದಿನಾ ಇನ್‌ಬಾಕ್ಸ್ ಕಾಯ್ತಾ ಕೂತಿದ್ದೆ. ಒಂದಕ್ಷರ ಬಂದಿಲ್ಲ!"

"ಸಂಜೆಯೊಳಗೆ ಈ ಒಪ್ಪಂದದ ಕಾಗದಕ್ಕೆ ಸಹಿ ಹಾಕಿದ್ರೆ ನಾನು ಐದು ವರ್ಷ ಅಲ್ಲೇ. ಬರಲಾ, ಬೇಡವಾ ಅಂತ ಕೊನೇ ಮೇಲ್‌ನಲ್ಲಿ ಕೇಳಿದ್ದೆ. ಬೇಡ ಅಂದಿದ್ರೂ ಸಾಕಿತ್ತು ಕಣೇ..."

ಐದು ವರ್ಷ! ಅವಳು ಕುಂಚ ಬದಿಗಿಟ್ಟಳು. ಕಂಪ್ಯೂಟರನ್ನು ಅವನತ್ತ ತಿರುಗಿಸಿದಳು. "ನೀನೇ ಹುಡುಕು!"

ಅವನು ಎಡಬದಿಯ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದ. "ನನ್ನ ಮೇಲ್‌ಗಳಿಗೆ ಅಂತ ಒಂದು ಫೋಲ್ಡರ್ ಮಾಡಿದ್ಯಲ್ಲ, ಎಲ್ಲಿ?"

ಅವಳ ದನಿ ಕುಗ್ಗಿತು. "ಕೋಪ ಬಂತು... ಪಟ್ಟಿಯಲ್ಲಿ ನಿನ್ನ ಹೆಸರು ನೋಡೋಕಾಗದೆ ಅದರ ಮುಂದಿನ ಟಿಕ್ ತೆಗೆದೆ. ಫೋಲ್ಡರ್ ಮಾಯ ಆಯ್ತು. ಹೊಸ ಮೇಲ್ ಬಂದ್ರೆ ಇನ್‌ಬಾಕ್ಸ್‌ಗೆ ಬರುತ್ತಲ್ಲ ಅಂದ್ಕೊಂಡೆ."

"ಅಯ್ಯೋ ಪೆದ್ದಿ! ಟಿಕ್ ತೆಗೆದ್ರೆ ಕಣ್ಣಿಗೆ ಕಾಣಲ್ಲ ಅಷ್ಟೇ. ನನ್ನ ಮೇಲ್ ಬಂದ ಕೂಡಲೇ ಆ ಫೋಲ್ಡರ್‌ಗೇ ಹೋಗಲಿ ಅಂತ ನಿಯಮ ಹಾಕಿದ್ದು ನೀನೇ ತಾನೇ?"

ಅವಳೇ! ಅವನ ಮೇಲ್ ಬೇರೆಯವರ ಜೊತೆ ಬೆರೆಯಬಾರದು ಅನ್ನುವ ಹುಚ್ಚು ಪ್ರೀತಿಯಲ್ಲಿ ಹಾಕಿದ ನಿಯಮ.

ಎಲ್ಲ ಫೋಲ್ಡರ್‌ಗಳ ಪಟ್ಟಿ ತೆರೆದಳು. ಖಾಲಿ ಚೌಕಕ್ಕೆ ಟಿಕ್ ಹಾಕಿದಳು.

'ಹಿಮಕರಡಿ' ಪ್ರತ್ಯಕ್ಷವಾಯಿತು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ, 132.

ಮೊದಲನೆಯದು ತೆರೆದಳು. ಸೂಕ್ಷ್ಮದರ್ಶಕದಲ್ಲಿ ತೆಗೆದ ಒಂದೇ ಒಂದು ಹಿಮದ ಹರಳು. ಆರು ತೋಳು, ಒಂದೊಂದರಲ್ಲೂ ಜರಿಯ ಕುಸುರಿ. ಎರಡನೆಯದರಲ್ಲಿ ಇನ್ನೊಂದು. ಮೂರನೆಯದರಲ್ಲಿ ಮತ್ತೊಂದು... ಒಂದರ ಹಾಗೆ ಒಂದಿಲ್ಲ! ಇಪ್ಪತ್ತು, ಮೂವತ್ತು ನೋಡಿದರೂ ಅವಳಿಗೆ ಕಣ್ಣು ಮಿಟುಕಿಸಲಾಗಲಿಲ್ಲ. ಜೀವಮಾನವೆಲ್ಲ ಬರೆದರೂ ಇಂಥದೊಂದು ತನ್ನ ಕುಂಚಕ್ಕೆ ಒಲಿಯದು ಅನಿಸಿತು. ಇಷ್ಟು ಸೌಂದರ್ಯ ತನ್ನದೇ ಮೇಜಿನ ಮೇಲೆ, ತಾನು ಅತ್ತ ಅಷ್ಟೂ ದಿನ ಬಂದು ಬಂದು ಸೇರಿತ್ತು!

"ಮುಟ್ಟಿದ್ರೆ ಕರಗಿ ಹೋಗುತ್ತೆ," ಅಂದ ಅವನು ಮೆಲ್ಲಗೆ. "ಉಸಿರು ಬಿಗಿ ಹಿಡ್ಕೊಂಡು ತೆಗೀತಿದ್ದೆ. ದಿನಕ್ಕೊಂದು, ನಿನಗೆ ಅಂತ."

ಅವಳು ಕೊನೆಯ ಮೇಲ್ ತೆರೆದಳು. 'ಕೆಳಗಿಳಿದು ಬರಲಾ?'

ಕಣ್ಣೊರೆಸಿಕೊಂಡು ಒಂದೇ ಅಕ್ಷರ ಟೈಪ್ ಮಾಡಿದಳು. 'ಬಾ.'

ಅವನ ಜೇಬಿನಲ್ಲಿ ಫೋನ್ ಸದ್ದಾಯಿತು. ಓದಿದ. ಕೈಯಲ್ಲಿದ್ದ ಕಾಗದವನ್ನು ಎರಡಾಗಿ ಹರಿದ.

"ಪಕ್ಕದಲ್ಲೇ ಇದ್ದೀನಲ್ಲೇ, ಬಾಯಲ್ಲೇ ಹೇಳಬಾರದಿತ್ತಾ?"

"ಬರೆದಿದ್ದಕ್ಕೆ ಬರೆದೇ ಉತ್ತರ ಕೊಡ್ತೀನಿ," ಎಂದು ಅವನ ಕೈ ಹಿಡಿದು ಪಕ್ಕದ ಕುರ್ಚಿಗೆ ಎಳೆದಳು. "ಕೂತ್ಕೋ. ಇನ್ನೂ ನೂರ ಮೂವತ್ತೊಂದಕ್ಕೆ ಬರೆಯೋದಿದೆ!"