ಬಿರುಕಿಗೆ ಹಚ್ಚಿದ ಕುಂಕುಮ

"ಇದು ಬಿದ್ದೈತೇನ್ರಿ?" ಸುರಪುರದ ರಿಪೇರಿ ಅಂಗಡಿಯ ಬಾಲರಾಜ ಲ್ಯಾಪ್‌ಟಾಪನ್ನು ಬೆಳಕಿಗೆ ಹಿಡಿದು ಕೇಳಿದ.

"ಇಲ್ರಿ ಅಣ್ಣಾ, ಒಮ್ಮೆನೂ ಬಿದ್ದಿಲ್ಲ," ಎಂದಳು ಸುನಿತಕ್ಕ.

ಪಕ್ಕದಲ್ಲಿದ್ದ ತಂಗಿ ಗಂಗಾ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ!

ಆಗಿದ್ದು ಎಂಟು ದಿನದ ಹಿಂದೆ, ಆಯುಧ ಪೂಜೆಯಂದು. ತಿಂಥಣಿಯ ಅವರ ಮನೆಯಲ್ಲಿ ಅಪ್ಪನ ಮೀನಿನ ಬಲೆ, ದೋಣಿಯ ಹುಟ್ಟು, ಕುಡುಗೋಲುಗಳ ಸಾಲಿನಲ್ಲಿ ಅಕ್ಕನ ಲ್ಯಾಪ್‌ಟಾಪೂ ಇತ್ತು. ಅವ್ವ ನೀರಿಗೆ ಹೋಗಿದ್ದಳು, ಅಕ್ಕ ಜಳಕಕ್ಕೆ. ಒಂದೇ ಒಂದು ವಿಡಿಯೋ ನೋಡೋಣ ಎಂದು ಗಂಗಾ ಅದನ್ನು ಎತ್ತಿಕೊಂಡಳು. ಬಲೆ ಕಾಲಿಗೆ ಸಿಕ್ಕಿತು. ಲ್ಯಾಪ್‌ಟಾಪ್ ಧಡ್ ಎಂದು ನೆಲದ ಪರಸಿಕಲ್ಲಿನ ಮೇಲೆ ಬಿತ್ತು.

ಆನ್ ಮಾಡಿದಳು. ಆಯಿತು! ಮುಚ್ಚಳದ ಮೂಲೆಯಲ್ಲಿ ಒಂದು ಬಿರುಕು, ಅಷ್ಟೇ. ನಮ್ಮ ಗಂಗಾ ಮಹಾ ಜಾಣೆ. ಬಿರುಕಿನ ಮೇಲೆ ದಪ್ಪಗೆ ಅರಿಸಿನ ಕುಂಕುಮ ಹಚ್ಚಿಬಿಟ್ಟಳು.

"ಪೂಜಿ ಕುಂಕುಮ ಅದು, ಒರಸಬ್ಯಾಡ," ಎಂದು ಅವ್ವನೇ ಅಕ್ಕನಿಗೆ ಹೇಳಿದಳು. ಗಂಗಾ ಒಳಗೊಳಗೇ ನಕ್ಕಿದ್ದಳು.

ಎಂಟು ದಿನ ಅಕ್ಕ ಅದನ್ನು ತೆಗೆದಳು, ಮುಚ್ಚಿದಳು. ಇವತ್ತು ಮುಂಜಾನೆ ಅವಳ ಸ್ಕಾಲರ್‌ಶಿಪ್ ಟೆಸ್ಟ್. ವರ್ಷಕ್ಕೆ ಒಂದೇ ಸಲ, ಅದೂ ಆನ್‌ಲೈನ್. ಹದಿನಾರನೇ ಪ್ರಶ್ನೆಗೆ ಸ್ಕ್ರೀನ್ ಕಪ್ಪಾಯಿತು. ಮತ್ತೆ ಬರಲೇ ಇಲ್ಲ.

"ಹಗಲೂ ರಾತ್ರಿ ಅದರಾಗ ಮಾರಿ ಇಟ್ಟು ನೀನಽ ಕೆಡಿಸಿದಿ," ಎಂದು ಅವ್ವ ಅಕ್ಕನಿಗೇ ಬೈದಿದ್ದಳು.

ಬಾಲರಾಜ ಹೆಬ್ಬೆರಳಿನಿಂದ ಕುಂಕುಮ ಒರೆಸಿದ. "ನೋಡ್ರಿ, ಬಿದ್ದೈತಿ. ಅವತ್ತೇ ತಂದಿದ್ರ ಒಂದು ತಾಸಿನ ಕೆಲಸ. ಮುಚ್ಚಳದ ಕೀಲು ಸಡಲ ಆಗಿತ್ತು, ದಿನಾ ತೆಗದು ಮುಚ್ಚಿ ಒಳಗಿನ ವೈರ್ ಹರದೈತಿ."

ಅಕ್ಕ ತಂಗಿಯ ಕಡೆ ತಿರುಗಿದಳು.

"ನಾನಽ ಕೆಡವೀನಿ ಅಕ್ಕಾ," ಗಂಗಾ ಅಳತೊಡಗಿದಳು.

"ಕೈಯಾಗಿಂದು ಬೀಳತೈತಿ, ಬಿಡು. ಕುಂಕುಮ ಯಾಕ ಹಚ್ಚಿದಿ?"



ಬಸ್ಸಿನಲ್ಲಿ ಕಿಟಕಿಯ ಸೀಟು ಯಾವಾಗಲೂ ಗಂಗಾಳಿಗೆ. ಇವತ್ತು ಅಕ್ಕ ಅಲ್ಲಿ ತಾನೇ ಕುಳಿತು, ಮುಖ ಹೊರಗೆ ಮಾಡಿದಳು.

ಮನೆಯಲ್ಲಿ ಅವ್ವ ಮತ್ತೆ ಶುರು ಮಾಡಿದಳು. "ಏನಂದ್ರು? ನಿಂದಽ ತಪ್ಪು ಅಂದ್ರಿಲ್ಲ?"

ಅಕ್ಕ ಚಪ್ಪಲಿ ಬಿಟ್ಟಳು. ಅವಳು ಗಂಗಾಳ ಹೆಸರು ಹೇಳಲಿಲ್ಲ. ಹೇಳುವುದೂ ಇಲ್ಲ ಎಂದು ಗಂಗಾಳಿಗೆ ತಿಳಿಯಿತು. ಬೈಗುಳ, ಹೊಡೆತಗಳಿಗಿಂತ ಅದೇ ಅವಳಿಗೆ ಕಷ್ಟವಾಯಿತು.

"ಅವ್ವಾ, ಅಕ್ಕ ಅಲ್ಲ," ಎಂದಳು. "ನಾನು."

ಅವ್ವ ಎದ್ದು ನಿಂತಳು. ಅಕ್ಕ ಮಾತ್ರ ತಿರುಗಿಯೂ ನೋಡದೆ ಒಳಗೆ ಹೋದಳು.