ಹನ್ನೆರಡಕ್ಕೆ ಹನ್ನೆರಡು ಸಾಲದು

ತಮ್ಮನನ್ನು ಜೀವಂತ ತರಬೇಕು. ಅಕ್ಕ ಗುಹೆಗೆ ಇಳಿದದ್ದು ಅದಕ್ಕೇ. ದಾರಿ ಹುಡುಕುತ್ತ ಮುಂದೆ ಹೋಗಿದ್ದ ಅವನ ಕಾಲಿನ ಮೇಲೆ ಬಂಡೆ ಉರುಳಿತ್ತು. ಜೊತೆಗೆ ಹಗ್ಗ ಬಿಗಿಯುವ ಕೆಲಸದ ಹಗ್ಗದವನಿದ್ದ. ಅವಳ ಬೆನ್ನ ಮೇಲೆ, ಗುಹೆಯ ಬಾಯಿಂದ ತಂತಿ ಬಿಚ್ಚುತ್ತ ಬಂದ ಫೋನಿನ ಪೆಟ್ಟಿಗೆ. ಗುಹೆಯ ಬಾಯಲ್ಲಿ ಎಳೆಯುವ ಯಂತ್ರ ಹಿಡಿದು ಅಜ್ಜ ಕಾದಿದ್ದ. ಎಳೆ ಎಂದಾಗ ಎಳೆಯಬೇಕು, ನಿಲ್ಲಿಸು ಎಂದ ಕ್ಷಣ ನಿಲ್ಲಿಸಬೇಕು. ತಪ್ಪಿದರೆ ಬಂಡೆ ತಮ್ಮನ ಎದೆಗೇ ಹೊರಳುತ್ತದೆ.

ಸುಣ್ಣಕಲ್ಲಿನ ಗೋಡೆಗಳು ಮುರಿದ ಹಲ್ಲುಗಳಂತೆ ಎರಡೂ ಕಡೆಯಿಂದ ಕಚ್ಚಲು ಬರುತ್ತಿದ್ದವು. ಒಳಹೊಳೆ ಅವರನ್ನು ಎತ್ತಿ ಎತ್ತಿ ಅವಕ್ಕೆ ಬಡಿಯಿತು. ಅಕ್ಕನ ದೀಪ ಅಲ್ಲೇ ಪುಡಿಯಾಯಿತು.

ನೀರು ತಮ್ಮನ ಕುತ್ತಿಗೆಯವರೆಗೆ ಬಂದಿತ್ತು. ಬಂಡೆಗೆ ಅಜ್ಜನ ಯಂತ್ರದ ಉಕ್ಕಿನ ಹಗ್ಗ ಬಿಗಿದರು. ಅಕ್ಕ ಮಾತಿನ ಗುಂಡಿ ಒತ್ತಿದಳು. ಪೆಟ್ಟಿಗೆ ಸತ್ತಿತು. ಬಿಟ್ಟರೆ ಎದ್ದಿತು. ಒತ್ತಿದರೆ ಮತ್ತೆ ಸತ್ತಿತು.

ಹಗ್ಗದವನು ಬ್ಯಾಟರಿಗೆ ಮೀಟರ್ ಇಟ್ಟ. ಪೆಟ್ಟಿಗೆಗೆ ಬೇಕಾದದ್ದು ಹನ್ನೆರಡು ವೋಲ್ಟ್. ಬ್ಯಾಟರಿಯಲ್ಲಿ ಕೂದಲೆಳೆಯಷ್ಟು ಹೆಚ್ಚೇ ಇತ್ತು. ಹಾಗಾದರೆ ಪೆಟ್ಟಿಗೆಯೇ ಕೆಟ್ಟಿದೆ ಎಂದು ತೀರ್ಮಾನಿಸಿ ಕೊಡಲಿ ಎಳೆದ.

"ಕಾಲು ಹೋಗ್ಲಿ. ಜೀವ ಉಳಿಯುತ್ತೆ."

ಅಕ್ಕ ಮೊಣಕೈಯಿಂದ ಅವನ ಬಾಯಿಗೆ ಗುದ್ದಿದಳು. ಕೊಡಲಿ ನೀರುಪಾಲಾಯಿತು.

ಬ್ಯಾಟರಿಗೂ ಪೆಟ್ಟಿಗೆಗೂ ನಡುವೆ ಕೂತ ರೆಗ್ಯುಲೇಟರಿನ ಚಾಳಿ ಅವಳಿಗೆ ಗೊತ್ತಿತ್ತು. ಹೆಚ್ಚು ಬಂದ ವೋಲ್ಟೇಜನ್ನು ಅದು ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ ಇಳಿಸುತ್ತದೆ. ಬರುವುದೂ ಕೊಡುವುದೂ ಹತ್ತಿರವಾದಾಗ ಬಾಗಿಲು ತೆರೆದೇ ಇರಬೇಕು. ಆದರೆ ಇದು ಪ್ರತಿ ಸಲ ಒಂದಿಷ್ಟಾದರೂ ಮುಚ್ಚದೆ ಬಿಡದ ಜಾತಿ. ಆ ಮುಚ್ಚುವಿಕೆಯಲ್ಲೇ ಕೊಡುವುದು ಹನ್ನೆರಡಕ್ಕಿಂತ ಕೆಳಗೆ ಕುಸಿಯುತ್ತದೆ. ಗುಂಡಿ ಒತ್ತಿದರಂತೂ ಬ್ಯಾಟರಿಯ ವೋಲ್ಟೇಜೂ ಜಗ್ಗುತ್ತದೆ.

"ಸರಿಸಮ ಇದ್ರೆ ಸಾಲದು ಕಣೋ, ಇಳಿಸೋಕೆ ಮೇಲೆ ಒಂಚೂರು ಇರಬೇಕು. ನಿನ್ನ ದೀಪದ ಬ್ಯಾಟರಿ ಕೊಡು."

ಹಗ್ಗದವನು ರಕ್ತ ಉಗುಳಿದ. "ಇರೋದೇ ಇದೊಂದು ಬೆಳಕು."

"ಕಡಿಯೋಕೆ ಬೆಳಕು ಬೇಕು. ಎತ್ತೋಕೆ ಕೈ ಸಾಕು."

ಕತ್ತಲು ಕವಿಯಿತು. ತಂತಿಯ ಹೊದಿಕೆಯನ್ನು ಹಲ್ಲಿನಿಂದ ಸುಲಿದು, ಒಂದು ಬ್ಯಾಟರಿಯ ಬಾಲಕ್ಕೆ ಇನ್ನೊಂದರ ತಲೆ ಹೊಸೆದಳು. ಗುಂಡಿ ಒತ್ತಿದಳು. ಪೆಟ್ಟಿಗೆ ಸಾಯಲಿಲ್ಲ.

"ಎಳೀರಿ ಅಜ್ಜ."

ಬಂಡೆ ಗುಡುಗಿತು. ತಮ್ಮ ಕಿರುಚಿದ. ಕಾಲಿಗೂ ಕಲ್ಲಿಗೂ ನಡುವೆ ಅವಳ ಅಂಗೈ ತೂರಿತು.

"ಸಾಕು, ನಿಲ್ಲಿಸಿ."

ನಿಂತಿತು. ಹಗ್ಗದವನು ಕಂಕುಳಿಗೆ ಕೈ ಹಾಕಿ ತಮ್ಮನನ್ನು ಸೆಳೆದ. ಮರುಗಳಿಗೆ ಉಕ್ಕಿನ ಹಗ್ಗ ಕಡಿದುಹೋಗಿ, ಚಾಟಿಯಂತೆ ಬೀಸಿ ಹಗ್ಗದವನ ಕೆನ್ನೆ ಸೀಳಿತು. ಬಂಡೆ ತನ್ನ ಜಾಗಕ್ಕೇ ಅಪ್ಪಳಿಸಿತು.

ಫೋನಿನ ತಂತಿ ತಡವುತ್ತ, ತಮ್ಮನನ್ನು ನಡುವೆ ಎಳೆಯುತ್ತ ತೆವಳಿದರು. ಹೊರಗಿನ ಬಿಸಿಲು ಕಣ್ಣಿಗೆ ಖಾರದಂತೆ ಹತ್ತಿತು.

"ಅಕ್ಕಾ, ಕಾಲು ಅಲ್ಲೇ ಬಿಟ್ಟು ಬಂದೆಯೇನೇ?"

"ತಂದಿದ್ದೀನಿ. ಸ್ವಲ್ಪ ಸೊಟ್ಟಗಿದೆ, ಅಷ್ಟೇ."