ಅಮ್ಮನನ್ನು ದಾಟಿದ್ದು ಯಾರು?

"ಅಯ್ಯೋ! ಏನೇ ಇದು? ಹೊಟ್ಟೆ ಮೇಲೆ ಬಿದ್ದಿದ್ರೆ ಏನು ಗತಿ?"

ಚಾಪೆಯ ಮೇಲೆ ಮಲಗಿದ್ದ ಅಮ್ಮ ಗಾಬರಿಯಿಂದ ಎದ್ದು ಕೂತಳು. ರುಫೀನಾ ಅವಳ ಮೇಲಿಂದ ಹಾರಿ ಆಚೆ ನಿಂತಿದ್ದಳು.

ಬೆಳಿಗ್ಗೆ ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರ್ ಹೇಳಿದ್ದು ಅವಳ ಕಿವಿಯಲ್ಲೇ ಇತ್ತು. ಹೊಟ್ಟೆಯಲ್ಲಿರುವ ತಮ್ಮನ ಕೈಕಾಲಿನ ಎಲುಬುಗಳು ಗಿಡ್ಡವಂತೆ. ಅದಕ್ಕೆ ಅಕಾಂಡ್ರೊಪ್ಲೇಸಿಯಾ ಎಂಬ ಉದ್ದನೆಯ ಹೆಸರು ಬೇರೆ!

ಮನೆಗೆ ಬಂದರೆ, ಮೆಣಸಿನಕಾಯಿ ಅರೆಯುತ್ತಿದ್ದ ಚೋಲೆ ಅತ್ತೆ ಕೈ ನಿಲ್ಲಿಸಿ ಅಮ್ಮನಿಗೆ ಅಂದಳು. "ನೀನು ಮಲಗಿದ್ದಾಗ ಯಾರೋ ದಾಟಿರ್ಬೇಕು ಕಣೇ ಅಂಪಾರೊ. ದಾಟಿದ್ರೆ ಮಗು ಬೆಳೆಯಲ್ಲ. ದಾಟಿದವರೇ ವಾಪಸ್ ಹಾರ್ಬೇಕು."

ರುಫೀನಾ ಬೆಚ್ಚಿಬಿದ್ದಳು. ದಾಟಿದ್ದು ಅವಳೇ! ಹೋದ ವಾರ ಟರ್ಕಿ ಕೋಳಿ ಅಟ್ಟಿಸಿಕೊಂಡು ಬಂದಾಗ ಮಲಗಿದ್ದ ಅಮ್ಮನ ಮೇಲಿಂದಲೇ ಹಾರಿ ಓಡಿದ್ದಳು.

"ಅದಕ್ಕೇ ವಾಪಸ್ ಹಾರ್ದೆ ಅಮ್ಮಾ," ಎಂದು ಬಿಕ್ಕಿದಳು.

ಅಮ್ಮ ಅವಳನ್ನು ಪಕ್ಕಕ್ಕೆ ಎಳೆದುಕೊಂಡಳು. "ಗ್ರಹಣದ ದಿನ ಮಗೂಗೆ ಏನೂ ಆಗ್ದಿರ್ಲಿ ಅಂತ ಬಸುರೀರು ಬಟ್ಟೆಗೆ ಪಿನ್ನು ಸಿಕ್ಕಿಸ್ಕೋತಾರಲ್ಲ, ನಾನು ಅದಿಲ್ದೆ ಹೊರಗೆ ಹೋಗಿದ್ದೆ. ಅದಕ್ಕೇನಾ ಹೀಗಾಗಿದ್ದು ಅಂತ ನಾನೂ ಡಾಕ್ಟರನ್ನ ಕೇಳ್ದೆ."

"ಏನಂದ್ರು?"

"ಕಿವಿ ಮುಟ್ಟಿ ನೋಡು. ಬಗ್ಗತ್ತಲ್ಲ? ಹೊಟ್ಟೇಲಿದ್ದಾಗ ಕೈಕಾಲಿನ ಎಲುಬೂ ಮೊದಲು ಹೀಗೇ ಮೆತ್ತಗಿರತ್ತಂತೆ. ಮೃದ್ವಸ್ಥಿ ಅಂತಾರೆ. ಅದು ಬೆಳೀತಾ ಬೆಳೀತಾ ಗಟ್ಟಿ ಎಲುಬಾಗತ್ತೆ. ಇವನ ಮೈ 'ನಿಧಾನ, ನಿಧಾನ' ಅಂತ ಅದನ್ನ ಜಾಸ್ತಿನೇ ತಡೀತಾ ಇದೆ. ಅದಕ್ಕೇ ತೋಳು, ತೊಡೆ ಉದ್ದ ಆಗಿಲ್ಲ."

"ತಡೆಯೋಕೆ ಶುರುವಾಗಿದ್ದು ಹೋದ ವಾರಾನಾ?"

"ಅಲ್ವೇ. ಅದು ಮೊದಲಿಂದ್ಲೇ ಅವನಲ್ಲಿತ್ತು. ಇವನು ಸಾಸಿವೆಗಿಂತ ಚಿಕ್ಕೋನಾಗಿದ್ದಾಗ್ಲೇ. ಹೊಟ್ಟೇಲಿದಾನೆ ಅಂತ ಆಗ ನಂಗೇ ಗೊತ್ತಿರ್ಲಿಲ್ಲ."

ರುಫೀನಾಳಿಗೆ ಮನಸ್ಸು ಹಗುರವಾಯಿತು. ಮರುಕ್ಷಣವೇ ಮತ್ತೆ ದಿಗಿಲಾಯಿತು. ತನ್ನದೇ ತಪ್ಪಾಗಿದ್ದರೆ ಸರಿಮಾಡಬಹುದಿತ್ತು. ಈಗ?

"ಹಾಗಾದ್ರೆ ಅವನು ಹೀಗೇ ಬರ್ತಾನಾ?"

"ಹೂಂ. ಹೀಗೇ ಬರ್ತಾನೆ." ಅಮ್ಮನ ದನಿ ನಡುಗಿತು.

ಅಂಗಳದಿಂದ ಚೋಲೆ ಅತ್ತೆ ಕೂಗಿದಳು. "ದಾಟಿದ್ದು ಯಾರೂಂತ ಗೊತ್ತಾಯ್ತಾ?"

ಅಮ್ಮ ಅಂಗಳದತ್ತ ತಿರುಗಿದಳು. ರುಫೀನಾ ಅವಳ ಕೈ ಹಿಡಿದುಕೊಂಡಳು.

"ನಾನೇ ದಾಟಿದ್ದು ಅತ್ತೆ. ಆದ್ರೆ ಹೀಗಾಗಿದ್ದು ಅದಕ್ಕಲ್ಲ. ನಮ್ ಪಾಪು ಇರೋದೇ ಹಾಗೆ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಅವಳ ದನಿ ನಡುಗಿರಲಿಲ್ಲ.